ಬಕೆಟ್ಟಿನಲ್ಲಿ ಕೂತ ಬೆಕ್ಕು

"ಕೊಡು ಪುಟ್ಟಾ, ಯಾರೂ ಬೈಯಲ್ಲ," ಎಂದಳು ತಾಯಿ.

ಹುಡುಗಿ ಫೋನನ್ನು ಇನ್ನಷ್ಟು ಬಿಗಿಯಾಗಿ ಹೊಟ್ಟೆಗೆ ಒತ್ತಿಕೊಂಡಳು. ಹುಷಾರಿಲ್ಲದ ಮಕ್ಕಳನ್ನು ಮಲಗಿಸುವ ಶಾಲೆಯ ಪುಟ್ಟ ಕೋಣೆ ಅದು. ಒಂದು ಕಬ್ಬಿಣದ ಮಂಚ, ಔಷಧಿಯ ವಾಸನೆ, ಗೋಡೆಯ ಮೇಲೆ ಹಲ್ಲುಜ್ಜುವುದು ಹೇಗೆಂದು ತೋರಿಸುವ ಹಳೇ ಚಿತ್ರ. ನಿನ್ನೆ ಸಂಜೆ ಮನೆಗೆ ಹೋಗದೆ ಶಾಲೆಯ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತು ಸಿಕ್ಕಿದವಳು, ಆಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಕ್ಕಳ ಜೊತೆ ಮಾತಾಡುವಾಗ ಅವರಿಗಿಂತ ತಗ್ಗಿ ಕೂರಬೇಕು ಎಂದು ಆಕೆ ಊರೆಲ್ಲ ಪಾಠ ಹೇಳುವವಳು. ಸೈಬರ್ ಪೊಲೀಸ್ ಕಡೆಯಿಂದ ಶಾಲೆ ಶಾಲೆಗೆ ಹೋಗಿ, ಮಕ್ಕಳನ್ನು ಆನ್‌ಲೈನ್‌ನಲ್ಲಿ ಕಾಪಾಡುವುದು ಹೇಗೆಂದು ಮೇಷ್ಟ್ರು ಮೇಡಂಗಳಿಗೆ ತರಬೇತಿ ಕೊಡುವುದೂ ಆಕೆಯ ಕೆಲಸವೇ. "ಪಾಸ್‌ವರ್ಡ್ ನಿಮ್ಮ ತಲೆಯೊಳಗಿರ್ಲಿ, ಬೋರ್ಡ್ ಮೇಲಲ್ಲ, ಪಕ್ಕದೋರ ಕಿವೀಲೂ ಅಲ್ಲ" ಎಂದು ಹೇಳಿ ಹೇಳಿ, ಮಕ್ಕಳ ಬಾಯಲ್ಲಿ ಆಕೆ ಪಾಸ್‌ವರ್ಡ್ ಆಂಟಿ ಆಗಿಬಿಟ್ಟಿದ್ದಳು.

"ನೋಡಮ್ಮ," ಎಂದ ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ. ಸ್ಟೇಷನ್ನಿಗೆಲ್ಲ ಹಿರಿಯ; ಕಳ್ಳರೂ ಸೇರಿದಂತೆ ಎಲ್ಲರೂ ಅವನನ್ನು ಮಾವ ಅಂತಲೇ ಕರೆಯುತ್ತಿದ್ದರು. "ನನ್ನ ಹೊಟ್ಟೆ ನೋಡಿದ್ಯಲ್ಲ? ನೀನು ಓಡಿದ್ರೆ ನಿನ್ನ ಹಿಂದೆ ಬರೋ ತಾಕತ್ತು ನನಗಿಲ್ಲ. ಹಂಗಾಗಿ ನೀನೇ ದೊಡ್ಡ ಮನಸ್ಸು ಮಾಡ್ಬೇಕು."

ಹುಡುಗಿಯ ತುಟಿ ಒಂಚೂರು ಅಲುಗಿತು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಅಮ್ಮ ಹೊರಗೆ ಹೋಗ್ಲಿ," ಎಂದಳು.

ತಾಯಿಯ ಮುಖ ಸಪ್ಪಗಾಯಿತು. ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಹುಡುಗಿ ಒಂದು ಚಾಟ್ ತೆರೆದು ಫೋನನ್ನು ಮಂಚದ ಮೇಲಿಟ್ಟು, ತಾನೇ ಮುಟ್ಟಬಾರದ ವಸ್ತುವೇನೋ ಎಂಬಂತೆ ಒಂದು ಬೆರಳಿನಿಂದ ಮುಂದೆ ತಳ್ಳಿದಳು.

"ಇವಳ ಹೆಸರು ಚಿಟ್ಟೆ ಅಂತ. ನನ್ನಷ್ಟೇ ವಯಸ್ಸು. ಬೇರೆ ಶಾಲೆ ಅಂದಿದ್ಲು."

ಇನ್ಸ್‌ಪೆಕ್ಟರ್ ಕೊನೆಯ ಮೆಸೇಜು ಮೊದಲು ಓದಿದಳು. ಇವತ್ತು ಬೆಳಗ್ಗೆ ಬಂದದ್ದು.

'ಶಾಲೆ ಬಿಟ್ಟ ಮೇಲೆ ಹಿಂದಿನ ಗೇಟಿಗೆ ಬಾ. ಒಬ್ಬಳೇ. ನಿನ್ನೆ ಥರ ಆಟ ಆಡಿದ್ರೆ ನಿನ್ನ ಆ ಆಡಿಯೋ ಕ್ಲಾಸ್ ಗ್ರೂಪಿಗೆ ಹಾಕ್ತೀನಿ. ಎಲ್ಲರೂ ಕೇಳ್ಲಿ.'

"ಯಾವ ಆಡಿಯೋ ಕಂದಾ?"

ಹುಡುಗಿ ಮೊಣಕಾಲಿನ ನಡುವೆ ಮುಖ ಹುದುಗಿಸಿದಳು. ಅಲ್ಲಿಂದಲೇ ಹೇಳಿದಳು, ಒಡಕು ದನಿಯಲ್ಲಿ.

"ನಾನು... ನನಗೆ ಈಗಲೂ ನಿದ್ದೇಲಿ ಹಾಸಿಗೆ ಒದ್ದೆ ಆಗುತ್ತೆ. ಅವಳಿಗೂ ಆಗುತ್ತೆ ಅಂದ್ಲು. ಅದಕ್ಕೇ ಹೇಳ್ದೆ. ಅಳ್ತಾ ಹೇಳ್ಬಿಟ್ಟೆ."

ಅಷ್ಟೇ. ಲೋಕದ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಆ ವಯಸ್ಸಿನಲ್ಲಿ, ಕ್ಲಾಸಿನ ಅಷ್ಟೂ ಮಕ್ಕಳು ತನ್ನ ಅಳುವನ್ನು ಕೇಳಿ ನಗುತ್ತಾರೆ ಎಂದರೆ ಅದಕ್ಕಿಂತ ದೊಡ್ಡ ಮಾನಗೇಡು ಇನ್ನೊಂದಿದೆಯೇ? ನಿನ್ನೆ ಇವಳು ಟ್ಯಾಂಕಿನ ಹಿಂದೆ ಕೂತದ್ದು ಇದಕ್ಕೇ. ಗೇಟಿಗೆ ಹೋಗಲು ಹೆದರಿಕೆ, ಮನೆಗೆ ಹೋಗಲು ನಾಚಿಕೆ.

"ಗುರುತಿಲ್ಲದವರ ಹತ್ರ ಯಾಕಮ್ಮ ಹೇಳ್ದೆ?" ಎಂದುಬಿಟ್ಟ ಮಾವ.

ಹುಡುಗಿ ತಟ್ಟನೆ ತಲೆ ಎತ್ತಿದಳು. "ಗುರುತಿಲ್ಲದವಳಲ್ಲ! ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಅವಳು ಫ್ರೆಂಡು. ಮೇಡಂಗಳಿಗೆಲ್ಲ ತರಬೇತಿ ಆಯ್ತಲ್ಲ, ಆವತ್ತೇ ಬಂದಿದ್ಲು. ಎಲ್ಲರೂ ಸೇರಿಸ್ಕೊಂಡ್ರು. ನಾನೂ ಸೇರಿಸ್ಕೊಂಡೆ."

ಇನ್ಸ್‌ಪೆಕ್ಟರ್ ಕೈ ನಿಂತಿತು.

ನಿಧಾನವಾಗಿ, ನೋಡಲು ಮನಸ್ಸಿಲ್ಲದವಳಂತೆ, ಚಿಟ್ಟೆಯ ಚಿತ್ರವನ್ನು ಒತ್ತಿ ದೊಡ್ಡದು ಮಾಡಿದಳು. ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂತ ಬೂದು ಬೆಕ್ಕು. ಬಕೆಟ್ಟಿನ ಹಿಡಿ ಮುರಿದಿತ್ತು. ಅದರ ಜಾಗದಲ್ಲಿ ಕರೆಂಟಿನ ಹಳೇ ಕೆಂಪು ವೈರು ಸುತ್ತಿದ್ದರು.

ಆ ವೈರನ್ನು ಸುತ್ತಿದ್ದು ಆಕೆಯ ತಮ್ಮ. ಆ ಬಕೆಟ್ಟು ಆಕೆಯ ಬಚ್ಚಲುಮನೆಯದು. ಬೆಕ್ಕು ಆಕೆಯದೇ. ಫೋಟೋ ತೆಗೆದವಳೂ ಆಕೆಯೇ.



"ಆಂಟಿ?" ಎಂದಳು ಹುಡುಗಿ. "ಇವಳು ಯಾರು ಅಂತ ನಿಮಗೆ ಗೊತ್ತಾ?"

ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಫೋನು ಜೇಬಿನಲ್ಲಿ ಗುಂಯ್‌ಗುಟ್ಟಿತು. ತಮ್ಮ. ಸದ್ಯ, ಉತ್ತರ ಹೇಳುವುದು ತಪ್ಪಿತು ಎಂದುಕೊಂಡು ಎದ್ದು ಬಾಗಿಲಾಚೆ ಹೋದಳು.

"ಅಕ್ಕಾ, ಊಟ ಆಯ್ತಾ?"

"ಆಯ್ತು ಕಣೋ. ಕೆಲಸ ಇದೆ. ಆಮೇಲೆ ಮಾತಾಡ್ತೀನಿ."

"ಎಲ್ಲಿದ್ದೀಯಾ?"

"ಆಫೀಸಲ್ಲಿ." ಕೇಸಿನ ಮೇಲಿರುವಾಗ ಮನೆಯವರಿಗೂ ಜಾಗ ಹೇಳದಿರುವುದು ಆಕೆಯ ಹಳೇ ಅಭ್ಯಾಸ.

"ಸರಿ ಸರಿ. ನೀರು ಕುಡೀತಾ ಇರು," ಎಂದು ಅವನು ನಕ್ಕು ಇಟ್ಟ. ಅಮ್ಮ ಹೋದಾಗ ಇವನಿನ್ನೂ ಚಡ್ಡಿ ಹುಡುಗ. ಎತ್ತಿ ಆಡಿಸಿ, ಓದಿಸಿ, ಒಂದು ಕೆಲಸಕ್ಕೆ ಹಚ್ಚಿದವಳು ಅಕ್ಕನೇ. ಈಗ ಅವನೇ ಅಮ್ಮನ ಥರ ಆಡುತ್ತಿದ್ದ.

ಒಳಗೆ ಹೋಗಿ ಹುಡುಗಿಯ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಮಾವನಿಗೆ ಸನ್ನೆ ಮಾಡಿ, "ನೀವು ಇಲ್ಲೇ ಇರಿ. ಇವಳನ್ನ ಬಿಟ್ಟು ಅಲ್ಲಾಡ್ಬೇಡಿ. ನಮ್ಮ ಹುಡುಗರಿಬ್ಬರನ್ನ ಮಫ್ತೀಲಿ ಹಿಂದಿನ ಗೇಟಿಗೆ ಕಳಿಸೋಕೆ ಹೇಳಿ," ಎಂದು ಹುಡುಗಿಯ ಫೋನು ಹಿಡಿದು ಕಾರಿಡಾರಿಗೆ ಬಂದಳು.

ಅಯ್ಯೋ, ಆ ದಿನ! ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಸ್ಟಾಫ್ ರೂಮಿನಲ್ಲಿ ತರಬೇತಿ. ಮೇಷ್ಟ್ರುಗಳು ಆಕಳಿಸುತ್ತಿದ್ದರು. ಡ್ರಾಯಿಂಗ್ ಮೇಡಂ, "ನಮ್ಮ ಮಕ್ಕಳು ಅಷ್ಟು ದಡ್ಡರಲ್ಲ ಬಿಡಿ" ಎಂದಿದ್ದರು. ಇನ್ಸ್‌ಪೆಕ್ಟರಿಗೆ ಹುರುಪು ಬಂತು. "ಹೌದಾ? ನೋಡೇ ಬಿಡೋಣ" ಎಂದು ಅಲ್ಲೇ ಎಲ್ಲರ ಎದುರಿಗೆ ಒಂದು ಸುಳ್ಳು ಹುಡುಗಿಯನ್ನು ಹುಟ್ಟಿಸಿದಳು. ಹೆಸರು ಚಿಟ್ಟೆ. ಚಿತ್ರಕ್ಕೆ ಕೈಗೆ ಸಿಕ್ಕಿದ ಮನೆಯ ಬೆಕ್ಕು. ಮಕ್ಕಳಿಗೆಲ್ಲ ಫ್ರೆಂಡ್ ಆಗು ಎಂದು ಕೋರಿಕೆ ಕಳಿಸಿದಳು. ಎಲ್ಲರೂ ತಮ್ಮ ತಮ್ಮ ಫೋನಿನಲ್ಲೇ ನೋಡಲಿ ಎಂದು ಪಾಸ್‌ವರ್ಡನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. ಹೌದು, ಬೋರ್ಡಿನ ಮೇಲೆ. ಪಾಸ್‌ವರ್ಡ್ ಆಂಟಿ.

ಟೀ ಕುಡಿದು ಮುಗಿಸುವಷ್ಟರಲ್ಲಿ ಅರ್ಧಕ್ಕರ್ಧ ಮಕ್ಕಳು ಒಪ್ಪಿಕೊಂಡಿದ್ದರು. ಮೇಡಂಗಳು ಬಾಯಿ ಮೇಲೆ ಕೈ ಇಟ್ಟುಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ಆಕೆ ಉಬ್ಬಿಹೋದಳು. ಚಿಟ್ಟೆಯನ್ನು ಸಂಜೆ ಅಳಿಸಿದರಾಯಿತು ಎಂದುಕೊಂಡಳು. ವಾರ ಬಿಟ್ಟು ಬಂದು, ನಿಮಗೆ ಬಂದವಳು ಸುಳ್ಳು ಹುಡುಗಿ ಕಣ್ರೋ, ಇನ್ನು ಮೇಲೆ ಹುಷಾರು ಎಂದು ಮಕ್ಕಳಿಗೆ ತಿಳಿಸುವುದು ಎಂದೂ ಮಾತಾಗಿತ್ತು. ಸಂಜೆ ಇನ್ನೊಂದು ಕೇಸು ಬಂತು. ವಾರದ ಮೇಲೆ ಮತ್ತೊಂದು. ಚಿಟ್ಟೆ ಹಾಗೇ ಉಳಿದಳು, ಮಕ್ಕಳ ಗೆಳೆಯರ ಸಾಲಿನಲ್ಲಿ, ಯಾರು ಬೇಕಾದರೂ ಒಳಗೆ ಹೊಕ್ಕು ಕೂರಬಹುದಾದ ಬಾಗಿಲು ತೆರೆದ ಮನೆಯಂತೆ.

ಯಾರೋ ಹೊಕ್ಕಿದ್ದರು.

ನಿಂತಲ್ಲೇ ತನ್ನ ಫೋನಿನಿಂದ ಒಳಗೆ ಹೋಗಲು ನೋಡಿದಳು. ಹಳೇ ಪಾಸ್‌ವರ್ಡ್ ತಪ್ಪು ಎಂದಿತು. ಮರೆತಿದ್ದೇನೆ ಎಂದು ಒತ್ತಿದರೆ, ಈ ಖಾತೆಗೂ ನಿಮ್ಮ ನಂಬರಿಗೂ ಸಂಬಂಧವಿಲ್ಲ ಎಂದಿತು. ತಾನೇ ಹೆತ್ತದ್ದು ತನ್ನನ್ನೇ ಗುರುತಿಸುತ್ತಿರಲಿಲ್ಲ. ಕಂಪನಿಗೆ ದೂರು ಕಳಿಸಿದಳು, ಆದರೆ ಅವರು ನೋಡಿ ಮುಚ್ಚುವಷ್ಟರಲ್ಲಿ ಶಾಲೆ ಬಿಟ್ಟಿರುತ್ತದೆ. ಗೇಟಿಗೆ ಬಂದವನನ್ನು ಹಿಡಿಯಬಹುದು. ಅವನು ಅದಕ್ಕೂ ಮೊದಲೇ ಆ ಅಳುವನ್ನು ಗ್ರೂಪಿಗೆ ತಳ್ಳಿಬಿಟ್ಟರೆ ಹಿಂದಕ್ಕೆ ತರುವವರು ಯಾರು?

ಹುಡುಗಿಯ ಫೋನಿನಲ್ಲಿ ಮೇಲಕ್ಕೆ ಸರಿಸುತ್ತ ಹೋದಳು. ಒಂದು ಕಡೆ ಫೋಟೋ ಇತ್ತು. ಶಾಲೆಯ ಅಂಗಳದ ನಲ್ಲಿ, ನಲ್ಲಿಯ ಪಕ್ಕ ಕಟ್ಟೆಯ ಮೇಲೆ ಒಬ್ಬಳೇ ಕೂತ ಇದೇ ಹುಡುಗಿ. ಎತ್ತರದಿಂದ ತೆಗೆದದ್ದು. ಕೆಳಗೆ ಬರೆದಿತ್ತು: 'ಇವತ್ತು ಡಬ್ಬಿ ತೆಗೀಲೇ ಇಲ್ಲ ಯಾಕೆ? ನಾನು ನೋಡ್ತಾನೇ ಇರ್ತೀನಿ.'

ಎತ್ತರದಿಂದ ಎಂದರೆ ಮೇಲಿನ ಮಹಡಿ. ಮೇಲಿನ ಮಹಡಿ ಎಂದರೆ ಸ್ಟಾಫ್ ರೂಮು. ಬೋರ್ಡಿನ ಮೇಲಿನ ಪಾಸ್‌ವರ್ಡ್ ನೋಡಿದ್ದವರೂ ಅಲ್ಲೇ ಇರುವವರು.

ಮೆಟ್ಟಿಲು ಹತ್ತಿದಳು.

*

ಕೊನೆಯ ಪೀರಿಯಡ್ಡಿಗೆ ಮಕ್ಕಳನ್ನೆಲ್ಲ ಪೀಟಿ ಮೇಷ್ಟ್ರಿಗೆ ಒಪ್ಪಿಸಿ, ಹೆಡ್‌ಮೇಡಂ ಉಳಿದವರನ್ನು ಸ್ಟಾಫ್ ರೂಮಿಗೆ ಕರೆಸಿದ್ದರು. ಉದ್ದನೆಯ ಮೇಜು, ಅದರ ಮೇಲೆ ತಿದ್ದದ ಪೇಪರಿನ ಕಟ್ಟುಗಳು. ಬೋರ್ಡು ಈಗ ಖಾಲಿ. ಇನ್ಸ್‌ಪೆಕ್ಟರಿಗೆ ಅದರ ಕಡೆ ನೋಡಲಾಗಲಿಲ್ಲ.

"ಏನಾಯ್ತು ಅಂತ ಹೇಳಿ ಮೇಡಂ," ಎಂದರು ಹೆಡ್‌ಮೇಡಂ. "ಹುಡುಗಿ ಬಾಯಿ ಬಿಟ್ಲಾ? ಯಾರಂತೆ ಅವಳಿಗೆ ಕಾಟ ಕೊಡ್ತಿರೋದು?"

ಒಂದು ಸುಳ್ಳು ಹೇಳಿದರೆ ಸಾಕಿತ್ತು. ಯಾರೋ ಎಲ್ಲಿಂದಲೋ ಮಾಡಿದ ಖಾತೆ ಎಂದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕೆಳಗೆ ಹುಡುಗಿ ಮೊಣಕಾಲಿನಲ್ಲಿ ಮುಖ ಮುಚ್ಚಿಕೊಂಡು ತನ್ನ ಗುಟ್ಟು ಹೇಳಿದ್ದಳು. ಅಷ್ಟು ಪುಟ್ಟ ಹುಡುಗಿಗೆ ಸಾಧ್ಯವಾದದ್ದು ಇಷ್ಟು ದೊಡ್ಡ ಹೆಂಗಸಿಗೆ ಆಗದೇ?

"ಚಿಟ್ಟೆ," ಎಂದಳು. "ಆವತ್ತು ಇದೇ ರೂಮಲ್ಲಿ ನಾನು ಮಾಡಿದ ಚಿಟ್ಟೆ. ಅಳಿಸ್ತೀನಿ ಅಂದಿದ್ದೆ. ಅಳಿಸ್ಲಿಲ್ಲ. ಮಕ್ಕಳಿಗೆ ಬಂದು ಹೇಳ್ತೀನಿ ಅಂದಿದ್ದೆ. ಬರ್ಲಿಲ್ಲ. ಯಾರೋ ಅದರೊಳಗೆ ಸೇರ್ಕೊಂಡು ಆ ಕೂಸಿನ ಬಾಯಿ ಬಿಡಿಸಿದ್ದಾರೆ. ಈಗ ಹೆದರಿಸ್ತಿದ್ದಾರೆ. ತಪ್ಪು ನಂದು. ನಿಮ್ಮೆಲ್ಲರ ಮುಖ ನೋಡೋಕೆ ನನಗೆ ನಾಚಿಕೆ ಆಗ್ತಿದೆ."

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಮೊದಲು ಬಾಯಿ ತೆರೆದವರು ಡ್ರಾಯಿಂಗ್ ಮೇಡಂ. ಆ ಹುಡುಗಿಯ ಕ್ಲಾಸ್ ಟೀಚರೂ ಅವರೇ.

"ಅವಳು ನನ್ನ ಹತ್ರ ಬಂದಿದ್ಲು," ಎಂದರು, ಬೆರಳಿನ ಬಣ್ಣ ಉಜ್ಜುತ್ತ. "ಮೇಡಂ, ಫೋನಲ್ಲಿ ಒಬ್ಬಳು ಅಂತ ಶುರು ಮಾಡಿದ್ಲು. ನಾನು, ನಿನಗೆ ಫೋನ್ ಕೊಟ್ಟಿದ್ದು ಯಾರು, ಅಂದೆ. ಅದೊಂದನ್ನ ಮೊದಲು ಕೇಳ್ಬೇಡಿ ಅಂತ ನೀವು ಸಾರಿ ಸಾರಿ ಹೇಳಿದ್ರಿ. ಅದನ್ನೇ ಕೇಳ್ದೆ. ಏನಿಲ್ಲ ಮೇಡಂ ಅಂತ ಹೊರಟೋದ್ಲು."

ಅವರ ಕಣ್ಣು ತುಂಬಿತು.

"ಅಳೋದು ಆಮೇಲೆ ಒಟ್ಟಿಗೇ ಅಳೋಣ," ಎಂದಳು ಇನ್ಸ್‌ಪೆಕ್ಟರ್. "ಈಗ ಹೊತ್ತಿಲ್ಲ. ಖಾತೆಗಿದ್ದ ನನ್ನ ನಂಬರೂ ಇಲ್ಲ, ಪಾಸ್‌ವರ್ಡೂ ಬದಲಾಗಿದೆ. ಹಳೇದು ಗೊತ್ತಿದ್ದೋರು ಈ ರೂಮಲ್ಲಿದ್ದೋರು ಮಾತ್ರ. ಬದಲಾಯಿಸಿದ್ದು ಯಾರು?"

ಮೇಜಿನ ಕೊನೆಯಲ್ಲಿ ಕುರ್ಚಿ ಕಿರ್ರೆಂದಿತು. ಕಂಪ್ಯೂಟರ್ ಮೇಷ್ಟ್ರು ಎದ್ದು ನಿಂತಿದ್ದ. ಎಳೇ ವಯಸ್ಸು, ಯಾವಾಗಲೂ ಇಸ್ತ್ರಿ ಕೆಡದ ಅಂಗಿ. ತರಬೇತಿಯ ದಿನ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವನು.

"ನಾನು ಮೇಡಂ."

ಒಂದು ಕ್ಷಣದಲ್ಲಿ ರೂಮಿನ ಗಾಳಿಯೇ ಬದಲಾಯಿತು. ಪಕ್ಕದಲ್ಲಿದ್ದ ಲೆಕ್ಕದ ಮೇಡಂ ತಮ್ಮ ಕುರ್ಚಿಯನ್ನು ಸದ್ದಿಲ್ಲದೆ ಆಚೆ ಎಳೆದುಕೊಂಡರು. ಅವನು ಅದನ್ನು ನೋಡಿದ. ಕಿವಿ ಕೆಂಪಾಯಿತು.

ಇನ್ಸ್‌ಪೆಕ್ಟರ್ ಮೇಜು ಸುತ್ತಿಕೊಂಡು ಅವನೆದುರು ಹೋಗಿ ನಿಂತಳು. ಹುಡುಗಿಯ ಫೋನು ಮುಖಕ್ಕೆ ಹಿಡಿದಳು.

"ಈ ಫೋಟೋ ತೆಗೆದಿದ್ದು?"

"ನಾನಲ್ಲ."

"ಮೇಲಿಂದ ತೆಗೆದಿದ್ದು ಇದು. ಈ ಕಿಟಕಿಯಿಂದ. ಪಾಸ್‌ವರ್ಡ್ ನಿಮ್ಮ ಹತ್ರ. ಮಕ್ಕಳು ನಿಮ್ಮ ಲ್ಯಾಬಲ್ಲಿ. ಮೇಷ್ಟ್ರು ಅಂತ ನಂಬಿ ಕಳಿಸ್ತಾರಲ್ರೀ ಜನ! ನಾಚಿಕೆ ಆಗಲ್ವಾ ನಿಮಗೆ?"

ಅವಳ ದನಿ ಏರಿತ್ತು. ತನ್ನ ನಾಚಿಕೆಯನ್ನು ಹೊರಿಸಲು ಒಂದು ಹೆಗಲು ಸಿಕ್ಕಿತು ನೋಡಿ, ಇಷ್ಟೂ ಹೊತ್ತು ಬಾಗಿದ್ದ ಕತ್ತು ತಾನಾಗಿ ನೆಟ್ಟಗಾಯಿತು.

"ಮೇಡಂ, ಒಂದ್ಸಲ ಕಿಟಕಿ ಹತ್ರ ಬನ್ನಿ," ಎಂದ ಅವನು. ಮಾತು ತೊದಲುತ್ತಿತ್ತು. "ಬನ್ನಿ, ನೋಡಿ. ಇಲ್ಲಿಂದ ನಲ್ಲಿ ಕಾಣಿಸುತ್ತಾ?"

ಹೋಗಿ ನೋಡಿದಳು. ಕಿಟಕಿಯ ಕೆಳಗೆ ಸಿಮೆಂಟಿನ ಸಜ್ಜೆ ಅಗಲವಾಗಿ ಚಾಚಿಕೊಂಡಿತ್ತು. ಅಂಗಳ ಕಂಡಿತು, ಗೇಟು ಕಂಡಿತು. ನಲ್ಲಿ ಸಜ್ಜೆಯ ಕೆಳಗೆ ಅಡಗಿಹೋಗಿತ್ತು. ಕತ್ತು ಉದ್ದ ಮಾಡಿದರೂ ಅಷ್ಟೇ.

"ಆವತ್ತಿನ ಮಾರನೇ ದಿನ ನೋಡ್ದೆ, ಚಿಟ್ಟೆ ಇನ್ನೂ ಹಾಗೇ ಇದ್ಲು," ಎಂದ ಮೇಷ್ಟ್ರು. "ಬೋರ್ಡಲ್ಲಿದ್ದ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಒಳ್ಳೇದಲ್ಲ ಅನ್ನಿಸ್ತು. ಬದಲಾಯಿಸ್ದೆ. ಪೂರ್ತಿ ಮುಚ್ಚೋಕೆ ನಿಮ್ಮ ನಂಬರಿಗೆ ಬರೋ ಕೋಡ್ ಬೇಕು, ನನ್ನಿಂದ ಆಗಲ್ಲ. ಅದಕ್ಕೆ ಹೊಸ ಪಾಸ್‌ವರ್ಡನ್ನ ನಿಮಗೇ ಮೆಸೇಜ್ ಮಾಡ್ದೆ. ಮುಚ್ಚಿಬಿಡಿ ಮೇಡಂ ಅಂತ. ನೀವು ಓದಿದ್ರಿ."

"ನಾನು ಓದಿಲ್ಲ."

"ಓದಿದ್ರಿ ಮೇಡಂ."

ಅವನು ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟ. ಮೆಸೇಜು ಅಲ್ಲಿತ್ತು, ಅದರ ಪಕ್ಕ, ಓದಿದ ಗುರುತಾಗಿ, ಎರಡು ನೀಲಿ ಟಿಕ್.

ಇನ್ಸ್‌ಪೆಕ್ಟರ್ ತನ್ನ ಫೋನು ತೆರೆದಳು. ರಾಶಿ ರಾಶಿ ಮೆಸೇಜುಗಳ ಅಡಿಯಲ್ಲಿ, ಹುಡುಕಿದ ಮೇಲೆ, ಮೇಷ್ಟ್ರ ಹೆಸರು ಸಿಕ್ಕಿತು. ತೆರೆದ ಮೆಸೇಜು. ತಾನು ಈ ಅಕ್ಷರಗಳನ್ನು ಈಗ ಮೊದಲ ಸಲ ನೋಡುತ್ತಿದ್ದಾಳೆ ಎಂಬುದು ದೇವರಾಣೆಗೂ ಸತ್ಯ.

"ಆಮೇಲೆ ನಾನೇ ಒಂದ್ಸಲ ನೋಡೋಣ ಅಂತ ಒಳಗೆ ಹೋಗೋಕೆ ಪ್ರಯತ್ನಿಸ್ದೆ," ಮೇಷ್ಟ್ರು ಮುಂದುವರಿಸಿದ. "ನಾನಿಟ್ಟ ಪಾಸ್‌ವರ್ಡೂ ಬದಲಾಗಿತ್ತು. ನೀವೇ ಮುಚ್ಚಿದ್ರಿ ಅಂದ್ಕೊಂಡೆ. ಈಗ ನಂಬರೂ ಬೇರೆ ಆಗಿದೆ ಅಂದ್ರೆ... ನಂಬರ್ ಬದಲಾಯಿಸ್ಬೇಕಾದ್ರೆ ಕೋಡ್ ಬಂದಿರೋದು ನಿಮ್ಮ ಫೋನಿಗೇ ಮೇಡಂ. ನಿಮ್ಮ ಫೋನು ಕೈಯಲ್ಲಿ ಹಿಡ್ಕೊಂಡಿದ್ದೋರು ಮಾತ್ರ ಅದನ್ನ ಮಾಡೋಕೆ ಸಾಧ್ಯ."

ಅವನು ಕೂತ. ಕೂತವನು ಲೆಕ್ಕದ ಮೇಡಂ ಕಡೆ ನೋಡದೆ, ಎದುರಿನ ಪೇಪರು ಕಟ್ಟನ್ನು ಸರಿಯಾಗಿ ಜೋಡಿಸತೊಡಗಿದ.

"ಕ್ಷಮಿಸಿ ಮೇಷ್ಟ್ರೇ," ಎಂದಳು ಇನ್ಸ್‌ಪೆಕ್ಟರ್.

"ಪರವಾಗಿಲ್ಲ," ಎಂದ. ಪರವಾಗಿದೆ ಎಂಬುದು ಇಡೀ ರೂಮಿಗೆ ಗೊತ್ತಾಗುತ್ತಿತ್ತು.

ಆಕೆ ಮತ್ತೆ ಫೋಟೋ ನೋಡಿದಳು. ಈ ಸಲ ಪೊಲೀಸಿನ ಕಣ್ಣಿನಿಂದ. ಅಷ್ಟು ಹೊತ್ತೂ ಅವಮಾನದ ಕಣ್ಣಿನಿಂದ ನೋಡಿದ್ದಳು, ಅದಕ್ಕೇ ಎದುರಿಗಿದ್ದದ್ದು ಕಾಣಿಸಿರಲಿಲ್ಲ. ಕಿಟಕಿಯಿಂದ ಅಲ್ಲ. ಸಜ್ಜೆಯ ಕೆಳಗಿನಿಂದ, ನಲ್ಲಿಯ ನೇರ ಮೇಲಿನಿಂದ. ಅಂಚುಗಳು ಬಾಗಿದ್ದವು. ಮೇಲಿನ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದರು. ಆ ಪಟ್ಟಿಯಲ್ಲಿ ಏನಿರುತ್ತದೆ? ತಾರೀಖು, ಸಮಯ. ಯಾವ ಫೋಟೋದ ಮೇಲೆ ತಾನಾಗಿ ತಾರೀಖು, ಸಮಯ ಬೀಳುತ್ತದೆ?

"ಹೆಡ್‌ಮೇಡಂ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿದಂತಾಯಿತು. "ನಲ್ಲಿ ಮೇಲೆ ಕ್ಯಾಮೆರಾ ಇದೆಯಾ?"

"ಇದೆ ಮೇಡಂ. ಎಲ್ಲಾ ಕಡೆ ಇದೆ. ಹೊರಗೆ ಕಾರಿಡಾರಲ್ಲೂ ಇದೆ. ಮಕ್ಕಳ ಸುರಕ್ಷತೆಗೆ ಹಾಕಿಸಿ ಅಂತ ನೀವೇ ಹೇಳಿದ್ರಲ್ಲ."

"ಅದನ್ನ ನೋಡೋದು ಯಾರು?"

"ನನ್ನ ರೂಮಲ್ಲಿ ಟೀವಿ ಇದೆ. ನನಗೆ ಅದನ್ನ ಆನ್ ಮಾಡೋಕೇ ಬರಲ್ಲ, ನಿಜ ಹೇಳ್ಬೇಕಂದ್ರೆ." ಹೆಡ್‌ಮೇಡಂ ಸಂಕೋಚದಿಂದ ನಕ್ಕರು. "ಏನಾದ್ರೂ ಕೆಟ್ರೆ ಹಾಕಿದ ಹುಡುಗನೇ ಅವನ ಫೋನಿಂದ ನೋಡಿ ಸರಿ ಮಾಡ್ತಾನೆ. ಪಾಪ, ಒಳ್ಳೇ ಹುಡುಗ. ಯಾವಾಗ ಕರೆದ್ರೂ ಬರ್ತಾನೆ."

"ಯಾವ ಹುಡುಗ?"

ಹೆಡ್‌ಮೇಡಂ ಇವಳನ್ನು ಅಚ್ಚರಿಯಿಂದ ನೋಡಿದರು.

"ನಿಮ್ಮ ತಮ್ಮ ಅಲ್ವಾ ಮೇಡಂ? ನೀವು ಹೇಳಿದ್ರಿ ಅಂತ ನಾವು ಬೇರೆ ಯಾರನ್ನೂ ವಿಚಾರಿಸ್ಲೇ ಇಲ್ಲ."

*

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ ಒಂದು ಮರದ ಬೆಂಚು, ಅದರ ಪಕ್ಕ ಮಕ್ಕಳು ಮರೆತುಹೋದ ನೀರಿನ ಬಾಟಲಿಗಳ ಬುಟ್ಟಿ. ಬಾಗಿಲ ಮೇಲೆ, ಸೀಲಿಂಗಿಗೆ ಅಂಟಿಕೊಂಡು, ಬಿಳಿ ಬಟ್ಟಲು ಕವುಚಿಟ್ಟಂಥ ಕ್ಯಾಮೆರಾ.

ಇನ್ಸ್‌ಪೆಕ್ಟರ್ ಬೇಕೆಂದೇ ಅದರ ಕೆಳಗೆ ಬಂದು ನಿಂತಳು.

ಇಲ್ಲ, ಹಾಗಿರಲಾರದು ಎಂದು ಮನಸ್ಸು ಒಂದೇ ಸಮನೆ ಬಡಬಡಿಸುತ್ತಿತ್ತು. ಬಕೆಟ್ಟಿನ ಹಿಡಿ ಮುರಿದರೆ ವೈರು ಸುತ್ತಿಕೊಡುವವನು. ಮಳೆಯಲ್ಲಿ ನೆನೆದ ಬೆಕ್ಕಿನ ಮರಿಯನ್ನು ಅಂಗಿಯೊಳಗಿಟ್ಟು ತಂದವನು. ಆದರೆ ಅದೇ ಮನಸ್ಸಿನ ಇನ್ನೊಂದು ಮೂಲೆಯಲ್ಲಿ ಅವನದೇ ದನಿ ಕೇಳುತ್ತಿತ್ತು: ಅಕ್ಕಾ, ಫೋನ್ ಕೊಡಿಲ್ಲಿ, ಅಪ್‌ಡೇಟ್ ಮಾಡ್ತೀನಿ. ಪ್ರತಿ ಭಾನುವಾರ ಕೊಡುತ್ತಿದ್ದಳು. ಊರಿಗೆಲ್ಲ ಪಾಸ್‌ವರ್ಡ್ ಪಾಠ ಹೇಳುವವಳ ಫೋನು ಬೆಕ್ಕಿನ ಹೆಸರಿನಿಂದ ತೆರೆಯುತ್ತಿತ್ತು. ಬೆಕ್ಕಿಗೆ ಆ ಹೆಸರಿಟ್ಟವನೂ ಅವನೇ.

ಒಂದೇ ದಾರಿಯಿತ್ತು. ತಾನು ಆಫೀಸಿನಲ್ಲಿದ್ದೇನೆ ಎನ್ನಬೇಕು. ಅವನು ನಂಬಿದರೆ ಸಾಕು. ನಂಬಿದರೆ ಅವನು ನೋಡುತ್ತಿಲ್ಲ ಎಂದರ್ಥ. ಜನ್ಮದಲ್ಲಿ ಮೊದಲ ಬಾರಿಗೆ, ತನ್ನ ಊಹೆ ತಪ್ಪಾಗಲಿ ಎಂದು ಬೇಡಿಕೊಂಡಳು.

ಫೋನು ಕಿವಿಗಿಟ್ಟಳು. ಮೊದಲ ರಿಂಗಿಗೇ ಎತ್ತಿದ.

"ಹೇಳಕ್ಕಾ."

"ಏನಿಲ್ಲ ಕಣೋ. ಮಧ್ಯಾಹ್ನ ಸರಿಯಾಗಿ ಮಾತಾಡ್ಲಿಲ್ಲ ಅಲ್ವಾ, ಅದಕ್ಕೆ ಮಾಡ್ದೆ."

"ಕೆಲಸ ಮುಗೀತಾ?"

"ಇನ್ನೂ ಇಲ್ಲ. ಆಫೀಸಲ್ಲೇ ಇದ್ದೀನಿ. ಬರೋದು ತಡ ಆಗುತ್ತೆ."

ಆ ಕಡೆ ಯಾವುದೋ ಗಾಡಿ ಹೋದ ಸದ್ದು.

"ಸರಿ ಅಕ್ಕಾ," ಎಂದ.

ಸರಿ ಎಂದ! ಕಣ್ಣಲ್ಲಿ ನೀರು ಬಂದುಬಿಟ್ಟಿತು. ಥೂ, ಹುಚ್ಚಿ ನಾನು, ಸಾಕಿದ ಕೂಸಿನ ಮೇಲೆ ಎಂಥ ಅನುಮಾನ ಪಟ್ಟೆ ಎಂದು ಒಳಗೊಳಗೇ ಬೈದುಕೊಂಡು, ಬೆನ್ನನ್ನು ಗೋಡೆಗೆ ಆನಿಸಿದಳು.

"ಅಕ್ಕಾ," ಎಂದ ಅವನು ಮತ್ತೆ, ಮೆಲ್ಲಗೆ, ಎಂದಿನ ಅಕ್ಕರೆಯಲ್ಲೇ. "ಗೋಡೆಗೆ ಯಾಕೆ ಒರಗ್ತೀಯಾ? ಪಕ್ಕದಲ್ಲೇ ಬೆಂಚಿದೆಯಲ್ಲ. ಕೂತ್ಕೋ."

ಆಕೆ ತಲೆ ಎತ್ತಲಿಲ್ಲ. ಎತ್ತಲು ಆಗಲಿಲ್ಲ.

ಶಾಲೆಯ ಕೊನೆಯ ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ಹೊಡೆದ ಅದೇ ಗಂಟೆ ಫೋನಿನೊಳಗಿನಿಂದಲೂ, ತುಸು ದೂರದಿಂದ ಕೇಳಿಸಿತು. ಅದರ ಬೆನ್ನಿಗೇ, ಅದೇ ಫೋನಿನೊಳಗೆ, ಇನ್ನೊಂದು ಗುರುತಿನ ದನಿ. ಹಿಂದಿನ ಗೇಟಿಗೆ ಮಫ್ತಿಯಲ್ಲಿ ಕಳಿಸಿದ ತನ್ನದೇ ಹುಡುಗ.

"ಏನ್ ತಮ್ಮಾ, ನೀನಿಲ್ಲಿ?" ಎನ್ನುತ್ತಿದ್ದ ಅವನು, ನಗುತ್ತ, ಸಲಿಗೆಯಿಂದ. "ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದ್ಯಾ? ಬಾ ಬಾ, ಒಳಗೇ ಇದ್ದಾರೆ. ಹೋಗು."